ಹಳ್ಳದ ದಂಡೆಯ ಕೆಂಪು ಶಾಲು

ಸಂಜೆ ಬಿಸಿಲು ಗೋಡೆಗೆ ಬಿದ್ದರೆ ಸಾಕು, ತಿರ್ಜಾ ಅಲ್ಲಿ ತೂಗುಹಾಕಿದ್ದ ಚಿತ್ರದೊಳಗೆ ಹೋಗಿಬಿಡುತ್ತಿದ್ದಳು. ಕ್ಯಾಟ್‌ಸ್ಕಿಲ್ ಬೆಟ್ಟಗಳು, ಹೊತ್ತಿಕೊಂಡ ಹಾಗೆ ಕೆಂಪಾದ ಮೇಪಲ್ ಮರಗಳು, ಕೆಳಗೆ ತೂಕಡಿಸುತ್ತ ಹರಿಯುವ ಹಳ್ಳ. ದಂಡೆಯ ಮೇಲೆ ಗೋಧಿಕಾಳಿನಷ್ಟು ಪುಟ್ಟ ಹೆಣ್ಣು, ಕೆಂಪು ಶಾಲು ಹೊದ್ದು ನಿಂತಿದ್ದಾಳೆ. ಅವಳೇ ತಿರ್ಜಾ.

ಚಿತ್ರಕಾರ ಅವಳನ್ನು ಬರೆದಿರಲಿಲ್ಲ. ಆ ಪುಣ್ಯಾತ್ಮ ಒಂದು ಶರತ್ಕಾಲವಿಡೀ ತಿರ್ಜಾಳ ಮನೆಯಲ್ಲಿ ಉಂಡು ಮಲಗಿ, ಬಾಡಿಗೆಗೆ ಬದಲು ಈ ಚಿತ್ರ ಕೊಟ್ಟು ಹೋಗಿದ್ದ. ಅವಳ ಗಂಡ ಲೆಮ್ ಊರಿನ ಕುದುರೆಗಾಡಿಗಳಿಗೆ ಬಣ್ಣ ಬಳಿಯುವವನು. "ಇಷ್ಟು ದೊಡ್ಡ ಕಾಡು, ಒಂದು ನರಪಿಳ್ಳೆ ಇಲ್ವಲ್ಲೇ!" ಎಂದು ಗೊಣಗಿ, ಗಾಡಿಚಕ್ರದ ಬಣ್ಣದಲ್ಲೇ ಹೊಸದಾಗಿ ಮದುವೆಯಾಗಿದ್ದ ತಿರ್ಜಾಳನ್ನು ಅಲ್ಲಿ ನಿಲ್ಲಿಸಿದ್ದ. ಹೋದ ಚಳಿಗಾಲ ಅವನು ತೀರಿಕೊಂಡ.

ಈಗ ಸೂರು ಸೋರುತ್ತಿತ್ತು. ಹಿಮ ಬೀಳುವ ಮುಂಚೆ ಸರಿಮಾಡಿಸಬೇಕು. ಬೇರೆ ದಾರಿ ಕಾಣದೆ ನ್ಯೂಯಾರ್ಕಿನ ಚಿತ್ರವ್ಯಾಪಾರಿ ಹಾಲೆಟ್‌ಗೆ ಹೇಳಿಕಳಿಸಿದ್ದಳು.

ಇವತ್ತು ಬಂದ ಹಾಲೆಟ್ ಚಿತ್ರಕ್ಕೆ ಮೂಗು ತಾಗಿಸುವಷ್ಟು ಬಗ್ಗಿ ನೋಡಿದ.

"ಅಮ್ಮಾ, ಬಂಗಾರದಂಥ ಚಿತ್ರ. ಆದ್ರೆ ಈ ಗೊಂಬೆ ಯಾರ ಕೈಚಳಕ? ಗಾಡಿ ಬಣ್ಣ ಅಲ್ವಾ ಇದು?"

"ನನ್ನ ಗಂಡಂದು."

"ಒಳ್ಳೆ ಕೆಲಸ ಮಾಡಿದಾರೆ ಬಿಡಿ! ಒರೆಸಿ ತೆಗೆಸ್ತೀನಿ, ಗುರುತೂ ಉಳಿಯಲ್ಲ."

ತಿರ್ಜಾ ಒಂದು ಹೆಜ್ಜೆ ಮುಂದೆ ಬಂದಳು. "ಹಾಗೇ ಬಿಟ್ರೆ?"

"ಯಾರೂ ಕೊಳ್ಳಲ್ಲಮ್ಮ. ಒಂದು ಚುಕ್ಕಿ ತಾನೇ?" ಎಂದವನು ಚಿತ್ರಕ್ಕೆ ಸುತ್ತಲು ಕಂಬಳಿ ತರಲು ಗಾಡಿಯ ಹತ್ತಿರ ಹೋದ.

ಬಿಸಿಲು ಗೋಡೆಗೆ ಬಂತು. ಹಳ್ಳ ಮೆಲ್ಲಗೆ ಹರಿಯತೊಡಗಿತು, ಎಲೆಗಳು ಅವಳ ಶಾಲಿನ ಮೇಲೆ ಉದುರಿದವು. ಎಷ್ಟು ಸಂಜೆ ಹೀಗೇ ನಿಂತು ಹೆಜ್ಜೆ ಸದ್ದಿಗೆ ಕಿವಿಗೊಟ್ಟಿದ್ದಳೋ! ಯಾರೂ ಬಂದಿರಲಿಲ್ಲ. ಅವಳಿಗೆ ಸಿಟ್ಟು ಬಂತು, ಹಿಂದೆಯೇ ಅಳುವೂ ಬಂತು.

"ನನ್ನನ್ನ ಇಲ್ಲಿ ನಿಲ್ಸಿ, ನಿನ್ನ ಬರ್ಕೊಳ್ಳೋದೇ ಮರೆತೆಯಲ್ಲೋ!"

ಕಿಟಕಿಕಟ್ಟೆಯ ಮೇಲೆ ಲೆಮ್‌ನ ಕೆಂಪು ಬಣ್ಣದ ಡಬ್ಬಿ ಇನ್ನೂ ಇತ್ತು. ಮೇಲಿನ ಕೆನೆ ಗಟ್ಟಿಯಾಗಿತ್ತು, ಅಡಿಯಲ್ಲಿ ಹಸಿ. ಬೆರಳಿಗೆ ಬಣ್ಣ ಮೆತ್ತಿಕೊಂಡು, ಕೆಂಪು ಶಾಲಿನ ಪಕ್ಕದಲ್ಲಿ ಒತ್ತಿದಳು. ಲೆಮ್‌ನಂತೆಯೇ ಸ್ವಲ್ಪ ವಾಲಿಕೊಂಡು ನಿಂತ ಕೆಂಪು ಅಂಗಿಯ ಗಂಡಸೊಬ್ಬ ಮೂಡಿದ.

ಕಂಬಳಿ ಹಿಡಿದು ಬಂದ ಹಾಲೆಟ್ ಬಾಗಿಲಲ್ಲೇ ನಿಂತುಬಿಟ್ಟ.

"ಅಯ್ಯಯ್ಯೋ, ಏನ್ಮಾಡಿಬಿಟ್ರಿ! ಪಕ್ಕಕ್ಕೆ ಸರ್ಕೊಳ್ಳಿ, ಇನ್ನೂ ಹಸಿಯಾಗಿದೆ, ಈಗ್ಲೇ ಒರೆಸಿದ್ರೆ ಹೋಗುತ್ತೆ." ಕರವಸ್ತ್ರ ತೆಗೆದು ಮುಂದೆ ಬಂದ.

ತಿರ್ಜಾ ಚಿತ್ರಕ್ಕೆ ಅಡ್ಡ ನಿಂತಳು.

"ಮುಟ್ಟಬೇಡಿ," ಎಂದಳು. "ಇವತ್ತಷ್ಟೇ ಬಂದಿದಾನೆ."