ಹುಳಿಗಿಡದ ಕುಂಡ

"ಕಳೆ ಅಂತೆ ಕಳೆ! ಮೊದಲು ನಿಮ್ಮ ತಲೆಯಲ್ಲಿ ಬೆಳೆದಿರೋದನ್ನ ಕೀಳಿಸ್ಕೊಳ್ಳಿ!"

ಅತ್ತಿಗೆಯ ದನಿ ಬೀದಿಗೂ ಕೇಳಿಸುತ್ತಿತ್ತು. ಬಡಾವಣೆ ಸಂಘದ ಅಧ್ಯಕ್ಷನಾದ ನಮ್ಮಣ್ಣ ಕನ್ನಡಿಯ ಮುಂದೆ ಟೈ ಬಿಗಿಯುತ್ತಿದ್ದ. ಇನ್ನೇನು ಚಿಟ್ಟೆ ಉದ್ಯಾನದ ಉದ್ಘಾಟನೆ.

"ಮೆಲ್ಲಗೆ ಮಾತಾಡೇ. ಮೇಯರ್ ಬರ್ತಾರೆ ಅಂತ ಜಾಗ ಚೊಕ್ಕಟ ಮಾಡಿಸಿದ್ದು ತಪ್ಪಾ?"

ನೀರಿನ ಟ್ಯಾಂಕಿನ ಹಿಂದೆ ಒಂದು ಪಾಳು ಜಾಗವಿತ್ತು. ಅಲ್ಲಿ ನೆಲಕ್ಕಂಟಿ ಹಬ್ಬಿದ ಮೂರೆಲೆಯ ಹುಳಿಗಿಡ. ಅದನ್ನೊಂದೇ ತಿಂದು ಬೆಳೆಯುವ, ಅಂಗಿಗುಂಡಿಯಷ್ಟಗಲದ ನೀಲಿ ಚಿಟ್ಟೆ. ಇಷ್ಟು ಅಪರೂಪದ್ದು ಬೇರೆಲ್ಲೂ ಕಂಡಿಲ್ಲವೆಂದು ತಜ್ಞರು ಬಂದು ಹೇಳಿಹೋದರು. ಮೊದಲು ಕಂಡವರು ಅತ್ತಿಗೆ. ಸಂಜೆಯಾದರೆ ಅಲ್ಲೇ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದರು. ಆಗೆಲ್ಲ ಅಣ್ಣ ಅವರನ್ನು 'ಹುಳದಮ್ಮ' ಎಂದು ಆಡಿಕೊಂಡು ನಗುತ್ತಿದ್ದ. ಪತ್ರಿಕೆಯಲ್ಲಿ ಫೋಟೊ ಬಂದದ್ದೇ ತಡ, ಅದು 'ನಮ್ಮ ಚಿಟ್ಟೆ' ಆಯಿತು.

ನಮ್ಮ ಚಿಟ್ಟೆಗಾಗಿ, ಅತ್ತಿಗೆ ತಂಗಿಯ ಮನೆಗೆ ಹೋಗಿದ್ದ ವಾರದಲ್ಲಿ, ಅಣ್ಣ ನೆಲ ಕೆರೆಸಿ, ಔಷಧಿ ಹೊಡೆಸಿ, ಚಾಪೆಯಂಥ ಹಸಿರು ಹುಲ್ಲು ಹಾಸಿಸಿದ. ನಡುವೆ ಬಸ್ಸಿನಷ್ಟು ದೊಡ್ಡ ಸಿಮೆಂಟ್ ಚಿಟ್ಟೆ. ಬಣ್ಣ ಮಾತ್ರ ಸರಿಯಾದ ನೀಲಿ.

"ಮೇಯರ್ ಕೈಲಿ ಬಿಡಿಸೋಕೆ ಚಿಟ್ಟೆ ಎಲ್ಲಿದೆ?" ಅತ್ತಿಗೆ ಕೇಳಿದರು.

"ಹಳದಿ ತರಿಸಿದ್ದೀನಿ, ಡಬ್ಬಿ ತುಂಬ. ಮೇಯರಿಗೇನು ಗೊತ್ತಾಗುತ್ತೆ? ನೀನು ಮೈಕಲ್ಲಿ 'ಇದೇ ಅದು' ಅಂದ್ಬಿಡು, ಸಾಕು."

"ನಾಳೆ ನಾನು ಸತ್ರೆ, ಇನ್ಯಾರನ್ನೋ ತಂದು ಕೂರಿಸಿ 'ಇವಳೇ ಅವಳು' ಅಂತೀರಾ?"

ಅಣ್ಣ ನನ್ನತ್ತ ತಿರುಗಿದ. "ನೀನಾದ್ರೂ ಹೇಳೋ ನಿಮ್ಮ ಅತ್ತಿಗೆಗೆ!"

"ಏನ್ ಹೇಳ್ಲಿ? ಸಿಮೆಂಟ್ ಚಿಟ್ಟೆ ಮೊಟ್ಟೆ ಇಡೋ ತನಕ ಕಾಯಿರಿ ಅಂತಲಾ?" ಎಂದೆ. ಅಣ್ಣ ನನ್ನನ್ನು ನುಂಗುವಂತೆ ನೋಡಿದ.

ಅತ್ತಿಗೆ ಅಡುಗೆಮನೆಗೆ ಹೋದರು. ಕಿಟಕಿಯಲ್ಲಿ ಒಡಕು ಕುಂಡವೊಂದಿತ್ತು. ಅದರಲ್ಲಿ ಅದೇ ಹುಳಿಗಿಡ. ಎಲೆಯಡಿ ನೀಲಿ ಚಿಟ್ಟೆಯ, ಅಕ್ಕಿನುಚ್ಚಿನಷ್ಟು ಸಣ್ಣ ಹಸಿರು ಮರಿಹುಳುಗಳು ಮೇಯುತ್ತಿದ್ದವು. ಉಳಿದದ್ದು ಅಷ್ಟೇ. ಕುಂಡವನ್ನು ಎದೆಗವಚಿಕೊಂಡು ಚಪ್ಪಲಿ ಮೆಟ್ಟಿದರು.

"ಅದನ್ಯಾಕೆ ತರ್ತೀಯಾ? ವೇದಿಕೆಗೆಲ್ಲ ಮಣ್ಣಾಗುತ್ತೆ!" ಎಂದ ಅಣ್ಣ.

ಅತ್ತಿಗೆ ಗೇಟು ದಾಟಿ ಉದ್ಯಾನದ ಕಡೆಗಲ್ಲ, ಬಸ್ ನಿಲ್ದಾಣದ ಕಡೆಗೆ ತಿರುಗಿದರು.

"ಎಷ್ಟು ದೂರ ಹೋಗ್ತಾಳೆ, ಕಳೆ ಹಿಡ್ಕೊಂಡು? ಬರ್ತಾಳೆ ಬಿಡು," ಎಂದು ಅಣ್ಣ ಟೈ ಸರಿಮಾಡಿಕೊಂಡ.

ಸಮಾರಂಭದಲ್ಲಿ ಅವರ ಹೆಸರನ್ನು ಮತ್ತೆ ಮತ್ತೆ ಕೂಗಿದರು. ಡಬ್ಬಿ ತೆರೆದರು. ಹಳದಿ ಚಿಟ್ಟೆಗಳು ಹುಲ್ಲಿನ ಮೇಲೊಮ್ಮೆ ಸುತ್ತಿ, ಎಲ್ಲೂ ಕೂರದೆ ಗೋಡೆಯಾಚೆ ಹಾರಿಹೋದವು. ಮೇಯರ್ ಚಪ್ಪಾಳೆ ತಟ್ಟಿದರು. ಅಣ್ಣನ ಪಕ್ಕದ ಕುರ್ಚಿ ಖಾಲಿಯೇ ಉಳಿಯಿತು.

ಮನೆಯಲ್ಲಿ ಅವರ ಜಾಗ ಇವತ್ತಿಗೂ ಖಾಲಿ.