ನಡೆದು ಇಳಿಸಿದ ಒಂಬತ್ತು ಸೇರು

ಗುಂಡುಕಲ್ಲಿನ ಬುಡಕ್ಕೆ ಬೆಲ್ಲ ಅಂಟಿಕೊಂಡಿದೆ, ಉಗುರಿನಿಂದ ಕೆರೆದು ತೆಗೆಯುತ್ತೇನೆ, ಮತ್ತೆ ಎತ್ತಿ ಹೊಡೆಯುತ್ತೇನೆ, ಚೂರೊಂದು ಸಿಡಿದು ಮಡಿಲಿಗೆ ಬೀಳುತ್ತದೆ — ಒಂಬತ್ತು ಸೇರು ಬೆಲ್ಲ ಒಡೆಯುವುದು ಸುಮ್ಮನೆ ಮಾತಲ್ಲ, ಆದರೆ ನನಗೇನು ಅವಸರ, ಅರವತ್ತೆರಡು ವರ್ಷ ಯಾವುದಕ್ಕೂ ಅವಸರಪಟ್ಟವಳಲ್ಲ, ಒಂದೊಂದೇ ಏಟು, ಒಂದೊಂದೇ ಚೂರು, ಇದು ಬೆಲ್ಲವಲ್ಲ, ಇದು ನಾನೇ, ಹೋದ ವರ್ಷ ಸುಗ್ಗಿಯ ತನಕ ಈ ಒಂಬತ್ತು ಸೇರು ನನ್ನ ಸೊಂಟದ ಮೇಲಿತ್ತು, ತೋಳಿನ ಕೆಳಗೆ ಜೋತಾಡುತ್ತಿತ್ತು, ಗದ್ದದ ಕೆಳಗೆ ಇನ್ನೊಂದು ಗದ್ದವಾಗಿ ಕೂತಿತ್ತು, ಈಗ ಹಿತ್ತಾಳೆಯ ಪರಾತದಲ್ಲಿದೆ, ಕಲ್ಲಿನಿಂದ ಕುಟ್ಟಿಸಿಕೊಳ್ಳುತ್ತಿದೆ. ಒಳಗಿನಿಂದ ಸೊಸೆ ಶಾರದಾಬಾಯಿ, ಅತ್ತೆವ್ವಾ, ಒಡೀಬ್ಯಾಡ್ರಿ ಅದನ್ನ, ದೇವರಿಗಿ ಅಂತ ತಂದ ಬೆಲ್ಲ ಅದು, ಮನ್ಯಾಗ ತಿಂದ್ರ ಛಲೋ ಅಲ್ಲ. ದೇವರದ್ದು ದೇವರು ನಿನ್ನೆ ತಗೊಂಡಾನವಾ, ಇದು ತುಲಾಭಾರದ ತಕ್ಕಡಿ ಒಲ್ಲೆ ಅಂದದ್ದು, ನಂದು, ಎಂದೆ. ಅವಳು ಗೊಣಗುತ್ತಾಳೆ, ಗೊಣಗಲಿ. ಪಡಸಾಲೆಯಲ್ಲಿ ನಮ್ಮ ಯಜಮಾನರು ಏನು ಕೇಳಿಸಿತೋ, ಹೂಂ ಎನ್ನುತ್ತಾರೆ, ಹತ್ತು ವರ್ಷದಿಂದ ಕಿವಿ ಇಲ್ಲ, ಹೂಂ ಮಾತ್ರ ಉಳಿದಿದೆ, ಈ ಮನೆಯಲ್ಲಿ ನನ್ನ ಕಡೆಗಿರುವ ಹೂಂ ಅದೊಂದೇ. ಇನ್ನೊಂದು ಏಟು. ಬೆಲ್ಲ ಬಾಯಿ ತೆರೆದಂತೆ ಬಿರುಕು ಬಿಡುತ್ತದೆ, ಬಾಯಿ, ಕಮಲಾಪುರದ ಆ ಬಾಯಿ, ಎಲೆಅಡಿಕೆಯಿಂದ ಕೆಂಪಾದ ಬೀಗರ ಬಾಯಿ — ಎರಡು ವರ್ಷವಾಯಿತು, ಕಣ್ಣು ಮುಚ್ಚಿದರೆ ಅದೇ ನಗುತ್ತದೆ.

ಮಗಳು ಶಿವಕಾಂತಮ್ಮನನ್ನು ಚೊಚ್ಚಲ ಬಾಣಂತನಕ್ಕೆ ಕರೆತರಲು ಹೋಗಿದ್ದೆ, ಚೊಚ್ಚಲು ತವರಿನಲ್ಲಿ ಆಗಬೇಕು, ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ, ಮಡಿಲಕ್ಕಿ, ಸೀರೆ, ಕುಪ್ಪಸ ಎಲ್ಲ ಗಂಟು ಕಟ್ಟಿಕೊಂಡು ಗಾಡಿಯಲ್ಲಿ ಕೂತಿದ್ದೆ, ಮಹಾಗಾಂವ ದಾಟಿದ್ದೆವು, ಲಟ್ಟನೆ ಅಚ್ಚು ಮುರಿಯಿತು, ಅದು ನನ್ನ ಮಾವನ ಕಾಲದ ಅಚ್ಚು, ಹುಳು ಹಿಡಿದಿತ್ತು, ನಾನಲ್ಲದೆ ಒಂದು ಕೋಳಿ ಕೂತಿದ್ದರೂ ಅವತ್ತು ಮುರಿಯುತ್ತಿತ್ತು, ಆದರೆ ಕೂತದ್ದು ನಾನು. ಬೇರೆ ಅಚ್ಚು ಹಾಕಿಸಿಕೊಂಡು ಕಮಲಾಪುರ ಸೇರುವಾಗ ದೀಪ ಹಚ್ಚುವ ಹೊತ್ತು, ಕಟ್ಟೆಯ ಮೇಲೆ ಬೀಗರು ದೇವಿಂದ್ರಪ್ಪ, ಕೆಂಪು ಬಾಳೆಯ ತೋಟದವರು, ಸುತ್ತ ಹತ್ತು ಜನ, ಸುದ್ದಿ ನಮಗಿಂತ ಮೊದಲೇ ಹೇಗೆ ಬಂದಿತ್ತೋ. ಅಚ್ಚು ಮುರದ ಗಾಡ್ಯಾಗ ಬಸುರೀನ ಕಳಸಂಗಿಲ್ರೀ, ಅಪಶಕುನ, ಎಂದರು ಬೀಗರು. ಎರಡು ದಿನ ಬಿಟ್ಟು ಕರಕೊಂಡು ಹೋಗ್ತೀನ್ರೀ, ಎಂದೆ. ಅವರು ತಾಂಬೂಲ ಉಗಿದು ನಕ್ಕರು, ಬೀಗತಿಯವರ, ಎತ್ತಿಗಿ ಯಾಕ ತ್ರಾಸು ಕೊಡ್ತೀರಿ, ನೀವು ಕಲಬುರ್ಗಿಯಿಂದ ನಡದು ಬಂದ ದಿನ ನಿಮ್ಮ ಮಗಳನ್ನ ಕಳಸ್ತೀನಿ ನೋಡ್ರಿ, ಮಾತಂದ್ರ ಮಾತು. ಹತ್ತೂ ಜನ ನಕ್ಕರು, ಬಾಗಿಲ ಹಿಂದೆ ಮಗಳ ಬಳೆ ಸದ್ದಾಯಿತು, ಅತ್ತಳು ಎಂದು ಬಳೆಯಿಂದಲೇ ಗೊತ್ತಾಯಿತು ನನಗೆ. ಆಗಲಿ ಬೀಗರೇ, ನಡದೇ ಬರ್ತೀನಿ, ಎಂದು ಬಂದೆ. ಮಗಳು ಅಲ್ಲೇ ಹಡೆದಳು, ಇವತ್ತಿಗೂ ತವರಿಗೆ ಕಳಿಸಿಲ್ಲ. ಮೊಮ್ಮಗಳಿಗೆ ಈಗ ಒಂದೂಮುಕ್ಕಾಲು ವರ್ಷ, ನಡೆಯುತ್ತಾಳಂತೆ, ಅವಳು ನಡೆಯಲು ಕಲಿತಳು, ನಾನಿನ್ನೂ ಕಲಿಯುತ್ತಿದ್ದೇನೆ. ಮೋಟಾರು ಬಂದದಲ್ಲವ್ವಾ, ಮೋಟಾರಿನಾಗ ಹೋಗಿ ನೋಡಿ ಬಾ, ಎನ್ನುತ್ತಾನೆ ಮಗ ಜಗದೇವಪ್ಪ, ನೋಡಿ ಬರುವುದಾದರೆ ಯಾವತ್ತೋ ಹೋಗುತ್ತಿದ್ದೆ, ನನಗೆ ಕರೆದುಕೊಂಡು ಬರಬೇಕು, ಆಡಿದ ಮಾತಿನ ಮೇಲೆ ಕರೆದುಕೊಂಡು ಬರಬೇಕು.

ಇನ್ನೊಂದು ಏಟು, ಚೂರು ಬಾಯಿಗೆ ಹಾಕಿಕೊಳ್ಳಲೇ, ಬೇಡ, ಅದೇ ಬಾಯಿಯ ಚಾಳಿ. ನಡೆದು ಬರುವೆ ಎಂದವಳು ನಡೆದೆನೇ, ಇಲ್ಲ, ಒಂದು ವರ್ಷ ಸಿಟ್ಟು ಮಾಡಿಕೊಂಡು ಕೂತೆ, ಕೂತು ಇನ್ನಷ್ಟು ದಪ್ಪವಾದೆ, ಸಿಟ್ಟು ಕೂಡ ಹೋಳಿಗೆಯಂತೆ ಮೈಗೆ ಹತ್ತುತ್ತದೆ. ಹೋದ ಸುಗ್ಗಿಯಲ್ಲಿ ಹೊಸ್ತಿಲ ಮೇಲೆ ಬಿದ್ದೆ, ಉಸಿರು ಮೇಲೆ ಹೋಯಿತು, ಕೆಳಗಿಳಿಯಲಿಲ್ಲ, ಜಗದೇವಪ್ಪ ಕಾಳಿನ ಪೇಟೆ ಗಂಜಿನಿಂದ ಓಡಿ ಬಂದ, ತೊಗರಿ ತೂಗುವವನು ಅವನು, ದುಃಖ ಬಂದರೂ ತೂಕದಲ್ಲೇ ಬರುತ್ತದೆ, ಅವ್ವ ವರ್ಷ ಉಳದ್ರ ಅಕಿ ಭಾರದಷ್ಟು ಬೆಲ್ಲ ಕೊಡ್ತೀನಿ ಅಪ್ಪಾ, ಎಂದು ಶರಣಬಸಪ್ಪನಿಗೆ ತುಲಾಭಾರ ಹರಕೆ ಹೊತ್ತ. ಎದ್ದು ಕೂತ ಮೇಲೆ, ಹರಕೆ ಹೇಳಿದ ಭಾರ ಎಷ್ಟು ಅಂತ ಗೊತ್ತಿರಬೇಕು ಎಂದು ನನ್ನನ್ನು ತನ್ನ ಕಾಂಟಾದ ಮೇಲೆ ತೊಗರಿ ಚೀಲದ ಜಾಗದಲ್ಲಿ ಕೂರಿಸಿದ, ಹಮಾಲರು ಆ ಕಡೆ ಮುಖ ತಿರುಗಿಸಿ ನಕ್ಕರು, ಎರಡು ಮಣ ಹದಿನೆಂಟು ಸೇರು. ಹಕೀಮ ಬುರ್ಹಾನುದ್ದೀನ್ ನಾಡಿ ಹಿಡಿದು, ಪುಡಿ ಕೊಡ್ತೀನಿ, ಆದ್ರ ಪುಡಿಯಿಂದ ಏನೂ ಆಗಂಗಿಲ್ಲ, ಮೈ ಇಳಸ್ರಿ, ನಡೀರಿ, ಎಂದ. ಎಲ್ಲಿಗಿ ನಡೀಲಿ, ಎಂದೆ. ಎಲ್ಲಿಗರೆ, ಎಂದ. ಆ ಎಲ್ಲಿಗರೆ ಅನ್ನುವುದು ಗಂಡಸರಿಗೆ ಹೇಳುವ ಮಾತು, ನಮ್ಮ ಬ್ರಹ್ಮಪುರದ ಓಣಿಯಲ್ಲಿ ಕೊಡ ಹಿಡಿದು ಹೊರಟರೆ ಯಾರೂ ಕೇಳುವುದಿಲ್ಲ, ಊದಿನಕಡ್ಡಿ ಹಿಡಿದು ಹೊರಟರೆ ದಾರಿ ಬಿಡುತ್ತಾರೆ, ಬರಿಗೈಯಲ್ಲಿ ಹೊರಟ ಹೆಂಗಸಿಗೆ ಮಾತ್ರ ಬಾಗಿಲು ಬಾಗಿಲಿಗೂ ಪ್ರಶ್ನೆ, ಎಲ್ಲಿಗಿ ಹೊಂಟೀರಿ ಬಂಡೆಮ್ಮನವರ. ಎಲ್ಲಿಗೂ ಇಲ್ಲವಾ. ಎಲ್ಲಿಗೂ ಇಲ್ಲಂದ್ರ. ನಡೀಲಿಕ್ಕೆ ನಡೀತೀನಿ. ಅಯ್ಯ ಶಿವನೇ, ಬಿದ್ದಾಗ ತಲಿಗಿ ಪೆಟ್ಟಾಗ್ಯಾದೇನು ನೋಡ್ರವಾ. ಅದಕ್ಕೇ ಮೊದಲ ವಾರ ಖಾಲಿ ಕೊಡ ಹಿಡಿದೇ ನಡೆದೆ, ಎರಡನೆಯ ವಾರ ಅದನ್ನೂ ಬಿಟ್ಟೆ, ನನ್ನ ಕಾಲು, ನನ್ನ ಉಸಿರು, ಕೊಡದ ನೆಪ ಯಾಕೆ. ಕೆರೆಯ ದಾರಿಯಲ್ಲಿ ಚಾಂದಪಾಶಾನ ತಾಲೀಮು, ಕುಸ್ತಿಯ ಗರಡಿ, ಕೆಂಪು ಮಣ್ಣಿನಲ್ಲಿ ಹುಡುಗರು ಹೊರಳುತ್ತಿದ್ದರು, ಅವನು ಬಾಗಿಲಲ್ಲಿ ನಿಂತು, ಅವ್ವಾ, ಮೈ ಇಳಸಾಕ ನಡೀತೀರಂತಲ್ಲ, ನಡಿಯೋದು ಕಸರತ್ತಲ್ಲ, ಕಸರತ್ತಂದ್ರ ದಂಡ, ಬೈಠಕ್, ಬೆವರು ಮಣ್ಣಿಗಿ ಬೀಳಬೇಕು, ನಡಿಯೋದಂದ್ರ ಕತ್ತೆನೂ ನಡೀತಾವ. ಕತ್ತೆಗೆ ಬೊಜ್ಜು ಎಲ್ಲದ ತೋರಸು ಚಾಂದಪಾಶಾ, ಎಂದೆ, ನಿನ್ನ ಹೊಟ್ಟಿ ನೋಡಿದ್ರ ದಂಡ ಎಲ್ಲ ಅದರಾಗೇ ಉಳದಾವ ಕಾಣ್ತದ. ಹುಡುಗರು ಬಾಯಿಗೆ ಮಣ್ಣಿನ ಕೈ ಅಡ್ಡ ಹಿಡಿದರು, ಅವನೂ ನಕ್ಕ, ಆದರೆ ಆ ಮಾತು ಹೊಟ್ಟೆಯೊಳಗೆ ಕೂತಿತು, ನಡೆಯುವುದು ಕಸರತ್ತಲ್ಲ, ನಡೆಯುವುದು ಕಸರತ್ತಲ್ಲ, ಹೆಜ್ಜೆ ಹೆಜ್ಜೆಗೂ ಅದೇ.

ಅವನ ಮಾತು ಅರ್ಧ ಖರೆ ಇತ್ತು, ಯಾರೆದುರೂ ಒಪ್ಪುವುದಿಲ್ಲ, ಇಲ್ಲಿ ಒಬ್ಬಳೇ ಇದ್ದೇನಲ್ಲ, ಒಪ್ಪುತ್ತೇನೆ. ಮೂರು ತಿಂಗಳು ನಡೆದ ಮೇಲೆ ಬಳೆಗಾರ್ತಿ ಮಸ್ತಾನಬಿ ಹಬ್ಬದ ಬಳೆ ಇಡಲು ಬಂದಳು, ನನ್ನ ಕೈ ಹಿಚುಕಿ, ಅದೇ ಅಳತಿ ಅಕ್ಕಾ, ಕೂದಲೆಳಿಯಷ್ಟೂ ಕಡಿಮಿ ಇಲ್ಲ, ಎಂದಳು, ಬಳೆಗಾರ್ತಿಯ ಬೆರಳಿಗಿಂತ ದೊಡ್ಡ ತಕ್ಕಡಿ ಯಾವುದು. ಹ್ಯಾಂಗ ನಡೀತಿ ಹೇಳು. ಹೇಳಿದೆ. ಶಿವಮ್ಮನ ಬಾಗಿಲಲ್ಲಿ ನಿಂತೆ, ಗೌರಮ್ಮನ ಕಟ್ಟೆಯ ಮೇಲೆ ಕೂತೆ, ಬಂದು ನಡೆದ ಸೊಕ್ಕಿನಲ್ಲಿ ಶೇಂಗಾ ಹಿಂಡಿ ಹಚ್ಚಿಕೊಂಡು ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಹಾಯ್ ಅಲ್ಲಾ, ಅದು ನಡಿಗಿ ಅಲ್ಲಕ್ಕಾ, ಅದು ಹಾಜರಿ, ಎಂದು ಹಣೆ ಬಡಿದುಕೊಂಡಳು, ನೋಡು, ನಾ ಬುಟ್ಟಿ ಹೊತ್ತು ಬಳಿ ಬೇಕೇನ್ರೀ ಅಂತ ಕೂಗಕೋತ ಹೋಗ್ತೀನಲ್ಲ, ಅದು ಧಂದೆದ ನಡಿಗಿ, ಮೈ ಕರಗಂಗಿಲ್ಲ, ಮಾರಿ ಮುಗಿದ ಮ್ಯಾಲ ಹೊತ್ತು ಮುಳುಗೋದರಾಗ ಮನಿ ಸೇರಬೇಕಂತ ಮಹಾಗಾಂವಿನಿಂದ ಬರ್ತೀನಲ್ಲ, ಆವಾಗ ಯಾರರೆ ಕರದ್ರ ಹೂಂ ಅನ್ಲಿಕ್ಕಾಗ್ತದ, ಕೂಗ್ಲಿಕ್ಕಾಗಂಗಿಲ್ಲ, ಹಂಗ ನಡಿ. ಹೂಂ ಅನ್ನಲು ಬರಬೇಕು, ಕೂಗಲು ಬರಬಾರದು — ರಾತ್ರಿ ಶಾಲೆಯ ಮಾಸ್ತರರು ಐವತ್ತೆಂಟರಲ್ಲಿ ನನಗೆ ಅಕ್ಷರ ಕಲಿಸಿದರು, ಮಸ್ತಾನಬಿ ಅರವತ್ತೊಂದರಲ್ಲಿ ನಡಿಗೆ ಕಲಿಸಿದಳು, ಎರಡೂ ಒಂದೇ, ಮೊದಲು ನೋವು, ಆಮೇಲೆ ರೂಢಿ. ಕಟ್ಟೆಗಳನ್ನು ಬಿಟ್ಟೆ, ಎರಡು ರೊಟ್ಟಿ ಬಿಟ್ಟೆ, ಬೆವರು ಕುಪ್ಪಸ ತೋಯಿಸಿತು. ಮೊದಲು ಕೆರೆ ಸುತ್ತುವುದರೊಳಗೆ ಮೂರು ಕಡೆ ಗೋಡೆ ಹಿಡಿಯುತ್ತಿದ್ದೆ, ಆಮೇಲೆ ಒಂದು ಕಡೆ, ಆಮೇಲೆ ಎಲ್ಲೂ ಇಲ್ಲ. ಬಳೆ ಸಡಿಲಾಯಿತು, ಅದನ್ನು ನೋಡಿದ್ದು ಮಸ್ತಾನಬಿ ಅಲ್ಲ, ಶಾರದಾಬಾಯಿ, ಕೂಗೆಬ್ಬಿಸಿದಳು, ಅಯ್ಯ ಅತ್ತೆವ್ವಾ, ದೇವರಿಗಿ ಹೇಳಿದ ಭಾರ ಕಡಿಮಿ ಮಾಡಾಕತ್ತೀರಿ, ಬೇಡಿಕೊಂಡಾಗ ಎರಡು ಮಣ ಹದಿನೆಂಟು ಸೇರು, ಕೊಡುವಾಗ ಕಡಿಮಿ ಕೊಟ್ರ ದೇವರಿಗಿ ಮೋಸ ಮಾಡಿದಂಗ, ಮನಿಗಿ ಕೇಡು. ತುಲಾಭಾರಕ್ಕೆ ಒಂದು ತಿಂಗಳಿತ್ತು, ಚಪ್ಪಲಿ ಬಚ್ಚಿಟ್ಟಳು, ದಿನಾ ಹೋಳಿಗೆ ತಟ್ಟಿದಳು, ಮೇಲೆ ತುಪ್ಪ, ಅವಳದು ಕೆಟ್ಟ ಮನಸ್ಸಲ್ಲ, ನನಗಾಗಿಯೇ ಹೆದರಿದ್ದಳು, ಮಗನೂ ನೆಲ ನೋಡುತ್ತ, ಹರಕೆ ಮುಗಿಯೋತನಕ ಕೂಡವ್ವಾ, ಎಂದ. ಕೂತೆನೇ. ಹಿತ್ತಲ ಬಾವಿ ಇದೆಯಲ್ಲ, ಬರಿಗಾಲಲ್ಲಿ ಅದರ ಸುತ್ತ ತಿರುಗಿದೆ, ತಿಂಗಳು ಪೂರ್ತಿ, ನೀರು ಸೇದುವ ಹೆಂಗಸರು ಎತ್ತಿಲ್ಲದ ಗಾಣ ಎಂದರು, ಹೋಳಿಗೆಯನ್ನು ಯಜಮಾನರ ತಾಟಿಗೆ ದಾಟಿಸಿದೆ, ಅವರು ಹೂಂ ಎಂದು ತಿಂದರು.

ನಿನ್ನೆ ಸೋಮವಾರ, ಗುಡಿಯ ಅಂಗಳದಲ್ಲಿ ದೊಡ್ಡ ತಕ್ಕಡಿ, ಒಂದು ಪರಡಿಯಲ್ಲಿ ನಾನು, ಇನ್ನೊಂದರಲ್ಲಿ ಬೆಲ್ಲದ ಪೆಂಟಿಗಳು, ಜಗದೇವಪ್ಪ ಎರಡು ಮಣ ಹದಿನೆಂಟು ಸೇರು ತಂದಿದ್ದ, ಹೇರುತ್ತ ಹೋದ, ಎರಡು ಮಣ ಒಂಬತ್ತು ಸೇರಿಗೆ ನಾನು ನೆಲ ಬಿಟ್ಟೆ. ಕೆಳಗೆ ಉಳಿದ ಬೆಲ್ಲ ನೋಡಿ ಎಲ್ಲರಿಗೂ ಬಾಯಿ ಬಂತು. ದೇವರು ಭಾರ ಹಗುರ ಮಾಡ್ಯಾನ, ಎಂದರು ಪೂಜಾರಿ. ಸೋಮವಾರದ ಉಪವಾಸದ್ದೇ ಫಲ, ಎಂದಳು ಶಾರದಾಬಾಯಿ. ಹಕೀಮನ ಪುಡಿ, ಎಂದರು ಯಾರೋ. ಸಂಜೆಗೆ ಸುದ್ದಿ ಕೇಳಿದ ಚಾಂದಪಾಶಾ, ತಕ್ಕಡಿ ತಪ್ಪಿರಬೇಕವ್ವಾ, ಎಂದ. ದೇವರು ನಾನು ಹುಟ್ಟಿದಾಗಿನಿಂದ ಇದ್ದಾನೆ, ನನ್ನ ಉಪವಾಸಕ್ಕೆ ನಲವತ್ತು ವರ್ಷ, ಪುಡಿಯನ್ನು ದೀಪಾವಳಿಗೇ ಬಿಟ್ಟಿದ್ದೆ, ಹೊಸದಾಗಿ ಬಂದದ್ದು ನನ್ನ ಎರಡು ಕಾಲು, ಬಿಟ್ಟದ್ದು ಎರಡು ರೊಟ್ಟಿ, ಆದರೆ ಒಬ್ಬರಾದರೂ ಕಾಲು ಎನ್ನಲಿಲ್ಲ. ಮಗ ಮಾತ್ರ ಬೆಲ್ಲ ಕಟ್ಟುತ್ತ ಮೆಲ್ಲಗೆ, ನನ್ನ ಕಾಂಟಾನೂ ತಪ್ಪಲ್ಲ, ಗುಡಿ ತಕ್ಕಡೀನೂ ತಪ್ಪಲ್ಲವ್ವಾ, ಒಂಬತ್ತು ಸೇರು ಖರೇನ ಇಳದದ, ಎಂದ, ತೂಗುವವನ ಮಾತು, ಸಾಕು. ಕಸರತ್ತಲ್ಲವಂತೆ. ಅಲ್ಲದಿದ್ದರೆ ಬೇಡ, ಬೇರೆ ಹೆಸರಿಡಿ, ನಾನು ನಡೆಯುತ್ತೇನೆ.

ಬೆಲ್ಲ ಒಡೆದು ಮುಗಿಯಿತು, ಕೈ ತೊಳೆದೆ, ಪೆಟ್ಟಿಗೆಯ ತಳದಿಂದ ಕಾಗದ ತೆಗೆದೆ, ಹೋದ ವರ್ಷ ಎದ್ದು ಕೂತ ತಿಂಗಳೇ ಮಗಳಿಗೆ ಬರೆದದ್ದು, ನನ್ನ ಕೈಯ ಅಕ್ಷರ, ಜೋಳದ ಕಾಳಿನಷ್ಟು ದಪ್ಪ, ಒತ್ತುಗಳೆಲ್ಲ ಜಾರಿವೆ, ವಾರದ ಹೆಸರಿಗೆ ಮಾತ್ರ ಖಾಲಿ ಜಾಗ ಬಿಟ್ಟಿದ್ದೆ. ಕಳಿಸಲಿಲ್ಲ ಯಾಕೆ, ಮಗಳಿಗೆ ಓದು ಬರುವುದಿಲ್ಲ, ಆ ಮನೆಗೆ ಬಂದ ಕಾಗದವನ್ನೆಲ್ಲ ದೇವಿಂದ್ರಪ್ಪನವರೇ ಕಟ್ಟೆಯ ಮೇಲೆ ಕೂತು ಹತ್ತು ಜನಕ್ಕೆ ಕೇಳುವಂತೆ ಓದುತ್ತಾರೆ, ಕನ್ನಡ, ಉರ್ದು ಎರಡೂ ಬರುತ್ತದೆಂಬ ಬಿಗುಮಾನ, ಅವರ ಬಾಯಲ್ಲಿ ನನ್ನ ಮಾತು ಮತ್ತೊಂದು ನಗೆಯಾಗುತ್ತದೆ ಎಂದು ಹೆದರಿದ್ದೆ. ಈಗ ಅದೇ ಬೇಕು, ಅವರೇ ಓದಲಿ, ದೊಡ್ಡದಾಗಿ ಓದಲಿ. ಖಾಲಿ ಜಾಗದಲ್ಲಿ ಬುಧವಾರ ಎಂದು ಬರೆದೆ. ಬರುವ ಸೋಮವಾರ ಹೊರಟು, ಎರಡು ಊರಲ್ಲಿ ರಾತ್ರಿ ತಂಗಿ, ಬುಧವಾರ ಸಂಜೆಗೆ ಸೇರುವುದು, ಮಹಾಗಾಂವಿನವರೆಗೆ ಮಸ್ತಾನಬಿ ಜೊತೆ, ಅಲ್ಲಿಂದ ನಾನೊಬ್ಬಳೇ. ಮಡಚಿ ಅಂಟಿಸಿದೆ, ಉರ್ದು ಅಕ್ಷರದ ಟಪಾಲು ತಿಕೀಟು ಹಚ್ಚಿದೆ, ಸೊಸೆಯ ಎದುರಿಗೇ ಚಪ್ಪಲಿ ಮೆಟ್ಟಿದೆ. ಎಲ್ಲಿಗಿ ಹೊಂಟೀರಿ ಅತ್ತೆವ್ವಾ. ಟಪಾಲಿಗೆ. ಓಣಿ, ಕಟ್ಟೆಗಳು, ಯಾರೋ ಕರೆದರು, ಹೂಂ ಎಂದೆ, ನಿಲ್ಲಲಿಲ್ಲ, ತಾಲೀಮಿನ ಬಾಗಿಲಲ್ಲಿ ಚಾಂದಪಾಶಾನ ಅಂಗೈಗೆ ಒಂದು ಚೂರು ಬೆಲ್ಲ ಹಾಕಿದೆ, ಏನವ್ವಾ ಇದು, ತಿನ್ನು, ನಾ ನಡದು ಇಳಿಸಿದ್ದು, ಅವನು ಬೆಲ್ಲ ನೋಡಿದ, ನನ್ನ ಕಾಲು ನೋಡಿದ, ಮೊದಲ ಸಲ ಕಾಲು ನೋಡಿದ, ನಾನು ಆಗಲೇ ಮುಂದೆ. ಟಪಾಲು ಪೆಟ್ಟಿಗೆ, ತಗಡಿನ ಸೀಳು, ಒಂದು ವರ್ಷದ ಕಾಗದ ಬೆರಳು ಬಿಟ್ಟು ಒಳಗೆ ಹೋಯಿತು, ತಳದಲ್ಲಿ ಸಣ್ಣ ಸದ್ದು — ಹೋಯಿತು, ಇನ್ನು ಹಿಂದಕ್ಕಿಲ್ಲ, ಶುಕ್ರವಾರ ಮುಟ್ಟುತ್ತದೆ, ಕಟ್ಟೆ, ಹತ್ತು ಜನ, ಬಾಗಿಲ ಹಿಂದೆ ಮಗಳು, ದೇವಿಂದ್ರಪ್ಪನವರು ಗಂಟಲು ಸರಿಮಾಡಿಕೊಂಡು ಓದುತ್ತಾರೆ, ಗಾಡಿ ಕಳಿಸಬೇಡಿರಿ, ನಾನು ನಡೆದು ಬರುತ್ತೇನೆ, ನಗುತ್ತಾರೆ, ಹತ್ತೂ ಜನ ನಗುತ್ತಾರೆ, ಮುಂದಿನ ಸಾಲು, ನಾನು ನಡೆದು ಬಂದ ದಿನ ಮಗಳನ್ನು ಕಳಿಸುವುದಾಗಿ ಬೀಗರು ಹತ್ತು ಜನರೆದುರು ಮಾತು ಕೊಟ್ಟಿದ್ದಾರೆ, ಆ ಹತ್ತು ಜನ ಬುಧವಾರ ಕಟ್ಟೆಯ ಮೇಲೆ ಇರಬೇಕಾಗಿ ವಿನಂತಿ — ಅಲ್ಲಿಗೆ ಬಂದು, ಆ ಸಾಲಿಗೆ ಬಂದು, ಯಾರೂ ನಗುವುದಿಲ್ಲ, ಬಾಯಿ, ಕೆಂಪು ಬಾಯಿ, ತೆರೆದದ್ದು ತೆರೆದಂತೆಯೇ, ಮುಚ್ಚಲೂ ಆಗದೆ, ಮುಂದಿನ ಅಕ್ಷರಕ್ಕೆ ಹೋಗಲೂ ಆಗದೆ, ತೆರೆದಂತೆಯೇ.