ಕೊಂಡಪ್ಪನ ತೊಟ್ಟಿ

“ಈ ಮೋಟರ್ ಯಾರಣ್ಣಾ ಹಾಕಿದ್ದು?”

ಈಜುಕೊಳದ ಪಕ್ಕದ ಸಣ್ಣ ಶೆಡ್ಡಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಶಶಿಕುಮಾರ್ ತಲೆಯೆತ್ತಿ ಕೇಳಿದಾಗ ಕೊಂಡಪ್ಪನಿಗೆ ಒಳಗೊಳಗೇ ಹಿಗ್ಗಾಯಿತು. ಹೊಗಳಿಕೆ ಬರಲಿದೆ ಎಂದೇ ಅವನು ತಿಳಿದ.

“ನಾನೇ ಕಣಪ್ಪಾ. ನೀನು ಕೊಟ್ಟಿದ್ದು ಮಿಕ್ಸಿ ತಿರುಗ್ದಂಗೆ ತಿರುಗ್ತಿತ್ತು. ಇದು ನಮ್ಮ ಹಳೇ ಬಾವೀದು. ಐದು ಎಚ್‌ಪಿ. ಕೆಸರಾದ್ರೂ ಎತ್ತಿ ಬಿಸಾಕ್ತದೆ.”

“ಕೆಸರೆತ್ತೋಕೆ ಇದೇನು ಬಾವಿನಾ ಅಣ್ಣಾ? ಇದರಲ್ಲಿ ನೀರು ಮೆಲ್ಲಗೆ ಓಡಬೇಕು. ನಿಮ್ಮ ಮೋಟರ್ ಹೊಡೆತಕ್ಕೆ ಫಿಲ್ಟರ್ ಒಳಗಿನ ಪೈಪೆಲ್ಲಾ ಒಡೆದುಹೋಗಿದೆ. ಅದರಲ್ಲಿದ್ದ ಮರಳು ಪೂರಾ ಪೂಲಿಗೆ ಬಂದುಬಿಟ್ಟಿದೆ, ನೋಡಿ.”

ಕೊಂಡಪ್ಪ ಬಗ್ಗಿ ನೋಡಿದ. ನೀಲಿ ಟೈಲ್ಸಿನ ಮೇಲೆ, ಮೆಟ್ಟಿಲುಗಳ ಮೇಲೂ ಸೇರಿ, ತೆಳ್ಳಗೆ ಮರಳು ಹರಡಿತ್ತು. ಅವನ ಮುಖ ಇಂಗು ತಿಂದ ಮಂಗನಂತಾಯಿತು. ಆ ಸೀಮೆಯಲ್ಲಿ ಗಂಡಸಿನ ತೂಕ ಅಳೆಯುವುದೇ ಅವನ ಮೋಟರಿನಿಂದ. ಬೋರಿಗೆ ಏಳೂವರೆ ಎಚ್‌ಪಿ ಇಳಿಸಿದವನು ಐದರವನ ಹತ್ತಿರ ಮಾತಾಡುವ ಧಾಟಿಯೇ ಬೇರೆ. ದೊಡ್ಡ ಮೋಟರು ಎಲ್ಲಾದರೂ ಕೆಡುಕು ಮಾಡೀತು ಎಂದು ಅಲ್ಲಿ ಯಾರೂ ಕೊಂಡಪ್ಪನಿಗೆ ಹೇಳಿಕೊಟ್ಟಿರಲಿಲ್ಲ.

“ಸದ್ಯಕ್ಕೆ ಮೋಟರ್ ಹಾಕಲೇಬೇಡಿ. ಮರಳು ಗುಡಿಸಿ ಒಂದು ಮೂಲೆಗೆ ತಂದಿಡಿ,” ಎಂದು ಶಶಿಕುಮಾರ್ ಎದ್ದ. “ಹೇಗೂ ರಿಪೇರಿ ಆಗಬೇಕು. ಜೊತೆಗೆ ಬೇರೆ ಏನೇನು ಹಾಕಿಸ್ತೀರಿ ಅಂತ ಯೋಚನೆ ಮಾಡಿ. ಭಾನುವಾರ ಬರ್ತೀನಿ.” ಹೊಸೂರಿನಲ್ಲಿ ಈಜುಕೊಳದ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದ ಅವನು ತಮಿಳಿನವನು. ಕನ್ನಡದವರ ಹತ್ತಿರ ಕನ್ನಡ, ತೆಲುಗಿನವರ ಹತ್ತಿರ ತೆಲುಗು ಮಾತಾಡಿ ಮಾಲು ಮಾರುತ್ತಿದ್ದ.

ಕೆಲಮಂಗಲದ ಆಚೆ, ಹುರುಳಿಕಾಯಿ ಹೊಲದ ನಡುವಿನ ಆ ಮನೆಗೆ ಈಜುಕೊಳ ಬಂದದ್ದು ಯಾರಾದರೂ ಈಜಲಿ ಎಂದಲ್ಲ. ಕೊಂಡಪ್ಪನ ಹೆಂಡತಿ ಆದಿಲಕ್ಷ್ಮಮ್ಮನ ಮೊಣಕಾಲು ಎರಡೂ ಸವೆದಿದ್ದವು. ಆಪರೇಷನ್ ಮಾಡಬೇಕಾಗುತ್ತದೆ, ಆದರೆ ದಿನಾ ಎದೆಮಟ್ಟದ ನೀರಿನಲ್ಲಿ ನಡೆದರೆ ಬೇಡವಾದರೂ ಆದೀತು ಎಂದು ಹೊಸೂರಿನ ಡಾಕ್ಟರು ಹೇಳಿದ್ದರು. ಅದೇ ವರ್ಷ ರಸ್ತೆಗೆ ಹೋದ ಜಮೀನಿನ ಪರಿಹಾರ ಕೈಗೆ ಬಂದಿತ್ತು. ಕೊಂಡಪ್ಪ ಹಿಂದೆಮುಂದೆ ನೋಡದೆ, ರಾಗಿ ಬಡಿಯುತ್ತಿದ್ದ ಕಣವನ್ನೇ ಅಗೆಸಿ ಕೊಳ ಕಟ್ಟಿಸಿದ. ಹೆಂಡತಿಯ ಮಂಡಿನೋವಿಗೆ ಸ್ವಿಮ್ಮಿಂಗ್ ಪೂಲ್ ಕಟ್ಟಿಸಿದವನು ಎಂದು ಊರು ಬಾಯಿ ತುಂಬ ನಕ್ಕಿತು. ಎಮ್ಮೆ ಮೈತೊಳೆಯಲು ಬರಬಹುದಾ ಎಂದು ಕೇಳಿದವರೂ ಇದ್ದರು. ಕೊನೆಗೆ ಅದಕ್ಕೆ ಕೊಂಡಪ್ಪನ ತೊಟ್ಟಿ ಎಂದು ಹೆಸರಾಯಿತು, ಮನೆಯವರೂ ಹಾಗೇ ಕರೆಯತೊಡಗಿದರು.

ಬೇಸಿಗೆಯಲ್ಲಿ ಕಟ್ಟಿ ಮುಗಿದಾಗ ಆದಿಲಕ್ಷ್ಮಮ್ಮ ನೀರಿಗಿಳಿದಳು. ಮಳೆಗಾಲದ ಹೊತ್ತಿಗೆ ಗೋಡೆ ಹಿಡಿಯದೆ ದೇವರ ಕೋಣೆಯ ಹೊಸಿಲು ದಾಟುತ್ತಿದ್ದಳು. ಆಮೇಲೆ ಏನಾಯಿತೋ, ಕಾರ್ತಿಕ ಕಳೆಯುತ್ತಿದ್ದಂತೆ ಕಾಲು ಮತ್ತೆ ಬಿಗಿಯಿತು. ದಿನಾ ನಸುಕಿನಲ್ಲಿ ತೊಟ್ಟಿಗೆ ಹೋಗಿ ಒದ್ದೆ ಸೀರೆಯಲ್ಲಿ ನಡುಗುತ್ತಾ ಬರುತ್ತಿದ್ದಳು, ಆದರೂ ನೋವು ಏರುತ್ತಲೇ ಹೋಯಿತು. ನೀರಿನಲ್ಲಿ ನಡೆದೂ ಹೀಗಾದರೆ ಸಂಕ್ರಾಂತಿ ಕಳೆದ ಮೇಲೆ ಆಪರೇಷನ್ ಮಾಡಿಬಿಡೋಣ ಎಂದರು ಡಾಕ್ಟರು. ಆ ಮಾತು ಕೇಳಿದಂದಿನಿಂದ ಅವಳಿಗೆ ಅನ್ನ ಸೇರಲಿಲ್ಲ. ಅವಳ ಅಕ್ಕ ಮಂಡಿಗೆ ಆಪರೇಷನ್ ಮಾಡಿಸಿಕೊಂಡು ಬಂದವಳು ಮತ್ತೆ ಹಾಸಿಗೆ ಬಿಟ್ಟು ಏಳಲೇ ಇಲ್ಲ. ಎಲ್ಲರಿಗೂ ಹಾಗಾಗುವುದಿಲ್ಲ ಎಂದು ಯಾರು ಎಷ್ಟು ಹೇಳಿದರೂ ಅವಳ ಕಣ್ಣಿಗೆ ಬರುತ್ತಿದ್ದುದು ಅಕ್ಕನ ಮಂಚ ಒಂದೇ.

ಮಗ ಸುಬ್ರಮಣಿಗೆ ಬೇರೆಯದೇ ಲೆಕ್ಕಾಚಾರ. ಮೂಕಂಡಪಲ್ಲಿಯ ಕಾರ್ಖಾನೆಗೆ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಅವನು ಜೊತೆಗಾರರಿಂದ ಹೊಸ ಹೊಸ ವಿಷಯ ಹೊತ್ತು ತರುತ್ತಿದ್ದ.

“ಅಮ್ಮನಿಗೆ ನೀರಿಂದ ಗುಣ ಆಗ್ಲಿಲ್ಲ ಅಂದ್ಮೇಲೆ ತೊಟ್ಟಿ ಸುಮ್ನೆ ಯಾಕಪ್ಪಾ ಇರ್ಬೇಕು?” ಎಂದ ಶನಿವಾರ ಊಟಕ್ಕೆ ಕೂತಾಗ. “ಶನಿವಾರ ಭಾನುವಾರ ಬೆಂಗ್ಳೂರೋರು ಇಂಥಾ ಜಾಗ ಹುಡುಕ್ಕೊಂಡು ಬತ್ತಾರೆ. ಬಣ್ಣದ ಲೈಟು, ಗೋಡೆ ಮೇಲಿಂದ ನೀರು ಬೀಳೋ ಫಾಲ್ಸು, ಬಿಸಿನೀರಿಗೆ ಹೀಟರು. ಇಷ್ಟು ಹಾಕಿಸ್ಬುಟ್ರೆ ಹಾಕಿದ್ದು ಎಲ್ಡೇ ವರ್ಷಕ್ಕೆ ವಾಪಸ್ ಬತ್ತದೆ.”

“ಅದೇನೋ ಉಪ್ಪಿನ ಮಿಷನ್ನು ಅಂದ್ನಲ್ಲಾ ಶಶಿ?”

“ನೀರಿಗೆ ಉಪ್ಪು ಹಾಕಿದ್ರೆ ಅದೇ ಕ್ಲೋರಿನ್ ಮಾಡ್ಕತದೆ.”

“ಫಿಲ್ಟರ್ ತೊಳ್ದ ನೀರು ಹುರುಳಿಕಾಯಿಗೆ ಹೋಗ್ತದಲ್ಲಲಾ. ಉಪ್ಪುನೀರು ಬಿಟ್ರೆ ಗಿಡ ಉಳೀತದಾ?”

ಸುಬ್ರಮಣಿಗೆ ಅದು ಹೊಳೆದಿರಲಿಲ್ಲ. ಉಪ್ಪಿನ ಮಿಷನ್ನು ಅಲ್ಲಿಗೇ ಬಿದ್ದುಹೋಯಿತು. ಉಳಿದುದಕ್ಕೆ ಕೊಂಡಪ್ಪ ಹೂಂ ಎನ್ನುತ್ತಾ ಬಂದ. ಅವನಿಗೂ ಬೇಸರ ಬಂದಿತ್ತು. ಊರವರ ನಗುವನ್ನೆಲ್ಲ ನುಂಗಿಕೊಂಡು ಕಟ್ಟಿಸಿದ ತೊಟ್ಟಿ ಹೆಂಡತಿಯ ಕಾಲಿಗೇ ಆಗಿಬರಲಿಲ್ಲ ಎಂದರೆ ಇನ್ನು ಅದರಲ್ಲಿ ಯಾರು ಬಿದ್ದು ಒದ್ದಾಡಿದರೇನು ಎನ್ನಿಸಿತ್ತು. ಆದಿಲಕ್ಷ್ಮಮ್ಮ ಮುದ್ದೆ ಬಡಿಸಿ ಮುಗಿಸಿದಳು. ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋಗುವಾಗ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಭಾನುವಾರ ಬೆಳಗ್ಗೆ ಮಂಜು ಇನ್ನೂ ಹೊಲದ ಮೇಲೇ ಕೂತಿತ್ತು. ಆದಿಲಕ್ಷ್ಮಮ್ಮ ಎಂದಿನಂತೆ ತೊಟ್ಟಿಯಿಂದ ಬಂದು ಸೀರೆ ಬದಲಾಯಿಸಲು ಒಳಗೆ ಹೋದಳು. ಶಶಿಕುಮಾರ್ ಬರುವಷ್ಟರಲ್ಲಿ ಮರಳು ಗುಡಿಸಿಬಿಡೋಣ ಎಂದು ಕೊಂಡಪ್ಪ ಪಂಚೆ ಕಳಚಿ, ಚಡ್ಡಿಯಲ್ಲಿ, ಉದ್ದ ಹಿಡಿಯ ಪೊರಕೆ ಹಿಡಿದು ಹೊರಟ. ತೊಟ್ಟಿ ಕಟ್ಟಿಸಿದವನು ಅವನೇ ಆದರೂ ಅದರೊಳಗೆ ಕಾಲಿಟ್ಟಿರಲಿಲ್ಲ. ದಂಡೆಯಲ್ಲಿ ನಿಂತು ಕೈ ಅದ್ದಿ, “ಏನಂಥಾ ತಣ್ಣಗೈತೆ? ನಡಿ, ನಡೆದ್ರೆ ಬೆಚ್ಚಗಾಯ್ತದೆ,” ಎಂದು ಹೆಂಡತಿಗೆ ಉಪದೇಶ ಮಾಡಿದ್ದಷ್ಟೇ.

ಮೊದಲ ಮೆಟ್ಟಿಲಿಗೆ ಕಾಲಿಟ್ಟ ಕೂಡಲೇ ಪಾದ ಸೆಟೆದುಕೊಂಡಿತು. ಎರಡನೆಯದಕ್ಕೆ ಇಳಿದಾಗ ಮೊಣಕಾಲಿಗೆ ಸೂಜಿ ಚುಚ್ಚಿದಂತಾಯಿತು. ಅಲ್ಲೇ ನಿಂತು ಉಸಿರು ತೆಗೆದುಕೊಳ್ಳುತ್ತಾ ಕೆಳಗೆ ನೋಡಿದ. ಮೋಟರು ನಿಲ್ಲಿಸಿದ್ದರಿಂದ ನೀರು ಅಲ್ಲಾಡದೆ ನಿಂತಿತ್ತು, ತಳದವರೆಗೂ ಕಾಣುತ್ತಿತ್ತು. ಅವನು ನಿಂತಿದ್ದ ಮೆಟ್ಟಿಲ ಮೇಲೆ ಮರಳು ಕಲಕಿತ್ತು, ಪಾದದ ಗುರುತು ಒಂದರ ಮೇಲೊಂದು ಬಿದ್ದಿದ್ದವು. ಮೂರನೆಯ ಮೆಟ್ಟಿಲ ಮರಳಿನ ಮೇಲೆ ಯಾವ ಗುರುತೂ ಇರಲಿಲ್ಲ. ಅದರಾಚೆ ತಳದ ಉದ್ದಕ್ಕೂ ಮರಳು ಜರಡಿ ಹಿಡಿದು ಹರವಿದಂತೆ ನುಣ್ಣಗೆ ಬಿದ್ದಿತ್ತು. ಅದರ ಮೇಲೆ ಒಂದು ಹೆಜ್ಜೆಯೂ ಇರಲಿಲ್ಲ.

ಕೊಂಡಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮೊದಲು ಬಂದದ್ದು ಸಿಟ್ಟು. ಹಾಗೇ ಕೆಳಗಿಳಿದ, ಎದೆಮಟ್ಟದ ನೀರಿನವರೆಗೂ ಹೋಗಿ ನಿಂತ. ಹಲ್ಲು ಕಟಕಟ ಎನ್ನತೊಡಗಿತು. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಮಂಡಿ ಹಿಡಿದುಕೊಂಡು ಸಿಟ್ಟೆಲ್ಲ ಇಳಿದುಹೋಯಿತು. ನೇಗಿಲು ಹಿಡಿದು ಬೆಳೆದ ತನಗೇ ಹೀಗಾದರೆ ಅವಳ ಪಾಡೇನು ಎಂದು ಯೋಚಿಸಿ ಅವನಿಗೆ ತನ್ನ ಮೇಲೇ ಅಸಹ್ಯ ಹುಟ್ಟಿತು. ಪೊರಕೆಯನ್ನು ಅಲ್ಲೇ ಬಿಟ್ಟು ಮೇಲೆ ಬಂದ.

ಆದಿಲಕ್ಷ್ಮಮ್ಮ ಹಿತ್ತಿಲಿನಲ್ಲಿ ಸೀರೆ ಹಿಂಡುತ್ತಿದ್ದಳು. ತೊಟ್ಟಿಕ್ಕುತ್ತಾ ಬಂದು ನಿಂತ ಗಂಡನನ್ನು ನೋಡಿ ಅವಳ ಕೈ ನಿಂತಿತು.

“ಎಲ್ಡು ಮೆಟ್ಲು,” ಎಂದ ಕೊಂಡಪ್ಪ. “ಎಲ್ಡೇ ಮೆಟ್ಲು ಇಳ್ದು, ಸೀರೆ ನೆನೆಸ್ಕೊಂಡು ಬತ್ತಿದ್ದೀಯ. ನಡೀತಾನೇ ಇಲ್ಲ ನೀನು.”

ಅವಳು ಸೀರೆಯನ್ನು ಇನ್ನೊಂದು ಸಲ ಹಿಂಡಿದಳು. ಅದರಲ್ಲಿ ನೀರು ಉಳಿದಿರಲಿಲ್ಲ.

“ಆಪರೇಸನ್ನು ಅಂದಾಗ್ಲಾದ್ರೂ ಬಾಯಿ ಬಿಡಬಾರ್ದಾ? ಹೆದ್ರಿ ಸಾಯ್ತಾ ಇದ್ದೀಯಲ್ಲೇ!”

“ಏನಂತ ಬಿಡ್ಲಿ?” ಅವಳು ಸೀರೆಯನ್ನು ಬಕೆಟ್ಟಿಗೆ ಎಸೆದಳು. “ಊರೆಲ್ಲಾ ನಗೋವಾಗ ನನ್ನ ಕಾಲಿಗೋಸ್ಕರ ಕಟ್ಟಿಸಿದ್ರಿ. ನಾನೂ ಆಗಲ್ಲ ಅಂದ್ಬುಟ್ರೆ ನಿಮ್ಮ ಮೊಕ ಎಲ್ಲಿಡ್ತಿದ್ರಿ? ಚಳಿ ಒಂದು ಕಳೀಲಿ, ಆಮ್ಯಾಕೆ ಇಳಿಯಾನ ಅನ್ಕಂಡೆ. ಅಷ್ಟರಾಗೆ ಡಾಕ್ಟ್ರು ಹಂಗಂದ್ರು. ಆವಾಗ ಸುಳ್ಳು ಹೇಳ್ತಿದ್ದೆ ಅನ್ನಾಕೆ ನಾಚ್ಕೆ ಆಯ್ತು.”

“ಬಿಸ್ಲು ಬಂದ್ಮೇಲೆ ಇಳಿಬೌದಾಗಿತ್ತಲ್ಲಾ? ಕತ್ಲಲ್ಲೇ ಹೋಗು ಅಂತ ಯಾರಂದ್ರು?”

ಆದಿಲಕ್ಷ್ಮಮ್ಮ ಗಂಡನನ್ನು ನೋಡಿದ ಬಗೆಗೆ ಅವನು ಕಣ್ಣು ತಗ್ಗಿಸಿದ.

“ಬಿಸ್ಲು ಬಂದ್ಮೇಲೆ ಹೊಲದಾಗೆ ಆಳುಗಳು ಬತ್ತಾರೆ. ಹೆಣ್ಣಾಳು, ಗಂಡಾಳು, ಕಾಯಿ ತುಂಬ್ಕಳಾಕೆ ವ್ಯಾನಿನೋರು. ಮೈಗಂಟ್ಕಂಡಿರೋ ಒದ್ದೆ ಸೀರೆಯಾಗೆ ನಾನು ಅವ್ರ ಕಣ್ಮುಂದೆ ಅತ್ತಿಂದಿತ್ತ ಓಡಾಡ್ಬೇಕಾ? ಬೇಸಿಗೇಲಿ ಬೆಳಗಾಗೋಕ್ ಮುಂಚೆ ಇಳೀತಿದ್ದೆ, ಆವಾಗ ನೀರು ಬೆಚ್ಚಗಿತ್ತು. ನೀವು ಗಂಡಸ್ರು ಅದನ್ನೆಲ್ಲಾ ಎಲ್ಲಿ ನೋಡ್ತೀರಿ.”

ಕೊಂಡಪ್ಪ ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತ. ಅವಳು ಒಣ ಟವಲು ತಂದು ಅವನ ಹೆಗಲ ಮೇಲೆ ಹಾಕಿದಳು.

ಶಶಿಕುಮಾರ್ ಬಂದಾಗ ಜಗಲಿಯ ಮೇಲೆ ಅಪ್ಪ ಮಗ ಇಬ್ಬರೂ ಕೂತಿದ್ದರು. ಸುಬ್ರಮಣಿ ಉತ್ಸಾಹದಿಂದ ಮೊಬೈಲಿನಲ್ಲಿ ಜಲಪಾತದ ಚಿತ್ರ ತೋರಿಸಹೊರಟ. ಕೊಂಡಪ್ಪ ಮಗನ ಕೈಯನ್ನು ಬದಿಗೆ ಸರಿಸಿದ.

“ತೊಟ್ಟಿ ಅವಳ್ದು. ಏನೇನ್ ಹಾಕಿಸ್ಬೇಕೋ ಅವಳ್ನ ಕೇಳು.”

“ಅಮ್ಮಂಗೆ ಇದೆಲ್ಲಾ ಏನಪ್ಪಾ ಗೊತ್ತಾಯ್ತದೆ?”

“ಕೇಳ್ಲಾ ಅಂದೆ.”

ಅಪ್ಪನ ದನಿಗೆ ಸುಬ್ರಮಣಿ ತೆಪ್ಪಗಾದ. ಶಶಿಕುಮಾರ್‌ಗೆ ವ್ಯಾಪಾರ ಯಾರೊಂದಿಗಾದರೇನು! ಅವನು ಬಾಗಿಲಲ್ಲಿ ನಿಂತಿದ್ದ ಆದಿಲಕ್ಷ್ಮಮ್ಮನ ಕಡೆ ತಿರುಗಿ, ಹೀಟರಿನಿಂದ ಶುರು ಮಾಡಿದ. ಹಾಕಿಸಿದರೆ ನಸುಕಿನಲ್ಲೂ ನೀರು ಬೆಚ್ಚಗಿರುತ್ತದೆ, ಕರೆಂಟು ಮಾತ್ರ ಚೆನ್ನಾಗಿ ಎಳೆಯುತ್ತದೆ ಎಂದ. ತೊಟ್ಟಿ ಕಟ್ಟುವಾಗ, ಟೈಲ್ಸಿನ ಬಣ್ಣ ಆರಿಸುವಾಗ, ಒಮ್ಮೆಯೂ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಅವಳು ಸೆರಗು ಸರಿಮಾಡಿಕೊಂಡಳು.

“ಹೀಟ್ರು ಬ್ಯಾಡ. ನಡು ಮಧ್ಯಾಹ್ನ ಅಷ್ಟು ತಣ್ಣಗಿರಕ್ಕಿಲ್ಲ.”

“ನೀರಿನ ಮೇಲೆ ಹಾಸೋ ಪ್ಲಾಸ್ಟಿಕ್ ಶೀಟಿದೆ ಅಮ್ಮಾ. ಬಿಸಿಲಿನ ಕಾವು ಹಿಡಿದಿಡುತ್ತೆ, ರಾತ್ರಿ ತಣ್ಣಗಾಗೋಕೆ ಬಿಡಲ್ಲ. ಹೀಟರಿಗೆ ಹೋಲಿಸಿದರೆ ಅದು ಏನೂ ಅಲ್ಲ.”

“ಅದು ಆಗ್ಲಿ. ಇಳಿಯೋವಾಗ ಹಿಡ್ಕಳಾಕೆ ಒಂದು ಕಂಬಿ ಹಾಕು. ಮೆಟ್ಲು ಜಾರ್ತದೆ. ಮತ್ತೆ ಸುತ್ತ ಮರೆ ಬೇಕು. ಹೊರಗ್ನಿಂದ ಯಾರ್ಗೂ ಏನೂ ಕಾಣಬಾರ್ದು.”

“ಮರೆ ನಮ್ಮ ಹತ್ತಿರ ಇಲ್ಲಮ್ಮಾ.”

“ನಮ್ಮತ್ರ ಐತೆ,” ಎಂದ ಕೊಂಡಪ್ಪ. ಟೊಮೆಟೊ ಸಸಿ ಮಾಡುವಾಗ ಕಟ್ಟುವ ಹಸಿರು ಪರದೆ ಸುರುಳಿಗಟ್ಟಲೆ ಅಟ್ಟದ ಮೇಲೆ ಬಿದ್ದಿತ್ತು. ಎರಡು ಪದರ ಕಟ್ಟಿದರೆ ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. “ಶಶಿ, ನಿನ್ನ ಸಣ್ಣ ಮೋಟರೇ ವಾಪಸ್ ಹಾಕ್ಬುಡು. ಫಿಲ್ಟರ್ ರಿಪೇರಿ ಮಾಡು. ಕಂಬಿ, ಶೀಟು. ಅಷ್ಟೇ.”

“ಮತ್ತೆ ಲೈಟು?” ಎಂದ ಸುಬ್ರಮಣಿ, ಇನ್ನೂ ಆಸೆ ಬಿಡದೆ. “ಬರೋ ಜನ?”

“ಬರೋರು ಬರ್ಲಿ, ನಾನೇನು ಬ್ಯಾಡ ಅಂದ್ನಾ?” ಎಂದಳು ತಾಯಿ. “ಮಧ್ಯಾಹ್ನ ಮಾತ್ರ ನಂದು. ಶನಿವಾರಾನೂ ಅಷ್ಟೇ, ಭಾನುವಾರಾನೂ ಅಷ್ಟೇ.”

ನಡು ಮಧ್ಯಾಹ್ನದಲ್ಲಿ ಅಮ್ಮ ನೀರಿನಲ್ಲಿದ್ದರೆ ಬೆಂಗಳೂರಿನವರು ಎಲ್ಲಿ ಕೂರುತ್ತಾರೆ ಎಂದು ಕೇಳಲು ಹೋಗಿ ಸುಬ್ರಮಣಿ ಅವಳ ಮುಖ ನೋಡಿ ನುಂಗಿಕೊಂಡ. ಸ್ವಲ್ಪ ಹೊತ್ತು ಮುಖ ಊದಿಸಿಕೊಂಡು ಕೂತಿದ್ದು, ಆಮೇಲೆ ತಾನೇ ಎದ್ದು ಅಟ್ಟ ಹತ್ತಿದ.

ಕೆಲಸವೆಲ್ಲ ಮುಗಿಯುವ ಹೊತ್ತಿಗೆ ಸಂಕ್ರಾಂತಿ ಹತ್ತಿರ ಬಂದಿತ್ತು. ಡಾಕ್ಟರಿಗೆ ಇರುವ ವಿಷಯವನ್ನೆಲ್ಲ ಹೇಳಿದಾಗ ಅವರು ಬೈದರು, ಬೈದು ಯುಗಾದಿಯವರೆಗೆ ನೋಡೋಣ ಎಂದರು. ಆಪರೇಷನ್ ತಪ್ಪೇ ತಪ್ಪುತ್ತದೆ ಎಂದು ಮಾತ್ರ ಹೇಳಲಿಲ್ಲ.

ಮೊದಲ ದಿನ ಬಿಸಿಲು ನೆತ್ತಿಗೆ ಬಂದಾಗ ಕೊಂಡಪ್ಪ ಶೀಟು ಸುತ್ತಿ ತೆಗೆದ. ಹೆಂಡತಿ ಕಂಬಿ ಹಿಡಿದು ನಿಂತಳು.

“ನೀವೂ ಆಚೆ ಹೋಗಿ.”

“ನಾನೂನಾ?”

“ನೀವೂನೇ.”

ಅವನು ಪರದೆಯಿಂದ ಹೊರಗೆ ಬಂದು, ಬೆನ್ನು ಮಾಡಿ, ಹೊಲದ ಕಡೆ ಮುಖವಿಟ್ಟು ನಿಂತ. ಒಳಗೆ ಬಹಳ ಹೊತ್ತು ಏನೂ ಸದ್ದಿಲ್ಲ. ಆಮೇಲೆ ನೀರು ಕಲಕಿದ ಸದ್ದು, ಒಂದು ದೀರ್ಘ ಉಸಿರು. ಅಷ್ಟರಲ್ಲಿ ಸಾಲಿನ ಕೊನೆಯಿಂದ ಹುರುಳಿಕಾಯಿ ಕೀಳುತ್ತಿದ್ದ ನಾಗಲಕ್ಷ್ಮಿ ಸೊಂಟದ ಮೇಲೆ ಬುಟ್ಟಿ ಇಟ್ಟುಕೊಂಡು ಬಂದಳು.

“ಆದಕ್ಕ ಇಲ್ವಾ ಅಣ್ಣೋ? ಮಜ್ಜಿಗೆ ಕೇಳಾನ ಅಂತ ಬಂದೆ.”

ಒಳಗೆ ನೀರು ಮೆಲ್ಲಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಯುತ್ತಿತ್ತು.

“ಕೆಲಸದಾಗವ್ಳೆ,” ಎಂದ ಕೊಂಡಪ್ಪ. “ಇರು, ನಾನೇ ತಂದ್ಕೊಡ್ತೀನಿ.”

ಹೇಳಿದನೇ ಹೊರತು ಅವನು ಅಲ್ಲಿಂದ ಕದಲಲಿಲ್ಲ. ಹಿಂದೆ ನೀರಿನ ಸದ್ದು ತುದಿ ಮುಟ್ಟಿ, ಒಂದು ಗಳಿಗೆ ನಿಂತು, ಮತ್ತೆ ತಿರುಗಿತು.